ಹನ್ನೊಂದು ಮೆಟ್ಟಿಲು, ಎರಡೂವರೆ ಗೇಣು

(ಮೈಸೂರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರ ಮುಂದೆ ಚಿತ್ರಗಳನ್ನು ತೋರಿಸುತ್ತಾ ಆಡಿದ ಮಾತುಗಳ ಬರಹ ರೂಪ)

ಪರದೆಯ ಮೇಲಿರುವ ಈ ಮೊದಲ ಚಿತ್ರ ನಾನು ತೆಗೆದದ್ದಲ್ಲ, ನಮ್ಮಪ್ಪ ತೆಗೆದದ್ದು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘1981, ಕೋಡಿ ಬಿದ್ದ ದಿನ’ ಎಂದು ಬರೆದಿದ್ದಾರೆ. ಅವರ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ. ನೆಂಟರ ಮದುವೆ, ಮಕ್ಕಳ ನಾಮಕರಣ, ಹಬ್ಬ ಎಂದು ಹನ್ನೊಂದು ಖರ್ಚಾಗುತ್ತಿದ್ದವು. ಉಳಿದ ಒಂದು ಕೆರೆಗೆ. ಬಣ್ಣವಿಲ್ಲದ ಚಿತ್ರದಲ್ಲಿ ಸೂರ್ಯ ಒಂದು ಬಿಳಿ ಚುಕ್ಕೆ, ಅಷ್ಟೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಯಾರ ಮೊಬೈಲಿನಲ್ಲಾದರೂ ಇದಕ್ಕಿಂತ ಚೆಂದದ ಸಂಜೆ ಇದ್ದೇ ಇರುತ್ತದೆ. ಆದರೂ ನಾನು ತೆಗೆದಿರುವ ಸಾವಿರಾರು ಚಿತ್ರಗಳಿಗೆ ತಾಯಿಬೇರು ಇದೇ.

ನಮ್ಮೂರು ಪಾಂಡವಪುರದಿಂದ ಪೂರ್ವಕ್ಕೆ. ಹಳಬರು ಪಾಂಡವಪುರವನ್ನು ಈಗಲೂ ಹಿರೋಡೆ ಅನ್ನುತ್ತಾರೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಗಿತ್ತು. ಆ ‘ರಾಕ್ಸ್’ ಅಂದರೆ ಕುಂತಿಬೆಟ್ಟದ ಬಂಡೆಗಳು. ನಮ್ಮ ಮನೆ ಜಗಲಿಯ ಮೇಲೆ ಕೂತರೆ ಮುಂದೆ ಕೆರೆ, ಕೆರೆಯಾಚೆ ತೋಟ, ಅದರ ಬೆನ್ನಿಗೆ ದೂರದಲ್ಲಿ ಕುಂತಿಬೆಟ್ಟದ ಎರಡು ತಲೆ. ಏರಿಯ ದಕ್ಷಿಣ ತುದಿಯಲ್ಲಿ ಒಂದು ದಿಣ್ಣೆ, ಆ ದಿಣ್ಣೆಯ ಮೇಲೆ ಮನೆ. ತಾತ ಕಟ್ಟಿಸಿದ ಮನೆ. ಮನೆಯ ಮುಂದಿನಿಂದ ನೀರಿಗೆ ಇಳಿಯಲು ಹನ್ನೊಂದು ಕಲ್ಲಿನ ಮೆಟ್ಟಿಲು.

ಈ ಮೆಟ್ಟಿಲುಗಳೇ ನಮ್ಮ ಮನೆಯ ಮಾಪಕ. ‘ಕನ್ನಂಬಾಡಿ 124.80 ಅಡಿ ಮುಟ್ತಂತೆ’, ಅಂದರೆ ಕೆಆರ್‌ಎಸ್ ಜಲಾಶಯ ತುಂಬಿತಂತೆ, ಎಂದು ರೇಡಿಯೊದಲ್ಲಿ ಕೇಳಿದ ಕೂಡಲೇ ಅಪ್ಪ ಹೊರಗೆ ಬಂದು ಮೆಟ್ಟಿಲು ಎಣಿಸುತ್ತಿದ್ದರು. ಎಣಿಕೆ ಮೇಲಿನಿಂದ ಕೆಳಕ್ಕೆ. ‘ಏಳನೇ ಮೆಟ್ಟಿಲು’ ಅಂದರೆ ಏಳನೆಯದರವರೆಗೆ ನೀರಿದೆ ಎಂದರ್ಥ. ಕೋಡಿ ಬಿದ್ದಾಗ ಎರಡನೇ ಮೆಟ್ಟಿಲು. ಈಗ ಅಪ್ಪನ ಚಿತ್ರದ ಎಡಮೂಲೆ ನೋಡಿ. ಎರಡು ಮೆಟ್ಟಿಲು ಬಿಟ್ಟರೆ ಉಳಿದೆಲ್ಲ ನೀರು.

ನಾನು ಕ್ಯಾಮೆರಾ ಕೊಂಡದ್ದು 2008ರಲ್ಲಿ. ಮೊದಲ ಎರಡು ವರ್ಷ ಎಲ್ಲರಂತೆಯೇ ನಾನೂ ಸೂರ್ಯನ ಹಿಂದೆ ಓಡಿದೆ. ಏರಿ ಮೇಲೆ ಒಂದು ದಿನ, ತೂಬಿನ ಹತ್ತಿರ ಒಂದು ದಿನ, ಮಾರಮ್ಮನ ಗುಡಿ ಹಿಂದೆ ಒಂದು ದಿನ. ಚಿತ್ರಗಳು ಚೆನ್ನಾಗಿಯೇ ಬಂದವು. ಆದರೆ ಒಂದರ ಪಕ್ಕ ಒಂದಿಟ್ಟರೆ ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಆಮೇಲೆ ಒಂದು ಸಲ ಹಳೆಯ ಟ್ರಂಕಿನಲ್ಲಿ ಅಪ್ಪನ ಈ ಚಿತ್ರ ಸಿಕ್ಕಿತು. ಅವರು ಎಲ್ಲಿ ನಿಂತಿದ್ದರು ಎಂದು ಹುಡುಕಲು ಹೊರಟೆ.

ಹಳೆಯ ಚಿತ್ರದ ಜಾಗ ಹುಡುಕುವ ಒಂದು ಉಪಾಯ ಹೇಳುತ್ತೇನೆ, ನಿಮಗೂ ಬೇಕಾದೀತು. ಚಿತ್ರದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಹಿಡಿದುಕೊಳ್ಳಿ. ಇಲ್ಲಿ ಹತ್ತಿರದ್ದು ಮೆಟ್ಟಿಲ ಪಕ್ಕದ ಕಲ್ಲುಗೂಟ, ದೂರದ್ದು ಬೆಟ್ಟದ ಎರಡು ತಲೆಗಳ ನಡುವಿನ ತಗ್ಗು. ಚಿತ್ರದಲ್ಲಿ ಗೂಟದ ತುದಿ ತಗ್ಗಿನ ನೇರ ಕೆಳಗಿದೆ. ನೀವು ಒಂದು ಹೆಜ್ಜೆ ಎಡಕ್ಕೆ ಹೋದರೆ ಗೂಟ ಬಲಕ್ಕೆ ಜಾರುತ್ತದೆ, ಬಲಕ್ಕೆ ಹೋದರೆ ಎಡಕ್ಕೆ. ಎರಡೂ ಒಂದೇ ಗೆರೆಗೆ ಬರುವ ತನಕ ಜರುಗುತ್ತಾ ಹೋದೆ. ಬೆನ್ನಿಗೆ ಜಗಲಿಯ ಎರಡನೇ ಕಂಬ ತಾಗಿತು. ಅಪ್ಪ ಕಂಬಕ್ಕೆ ಒರಗಿ ನಿಂತು ತೆಗೆದಿದ್ದರು! ಅವರ ಕ್ಯಾಮೆರಾ ಅಲುಗಾಡಿದರೆ ಚಿತ್ರ ಕೆಡುತ್ತಿತ್ತು, ಅದಕ್ಕೆ ಕಂಬದ ಆಸರೆ. ನಾನು ಅಲ್ಲೇ ಒರಗಿ ನಿಂತೆ. ಅವರು ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಅವತ್ತಿನಿಂದ ನಾನು ಜಾಗ ಬದಲಾಯಿಸಿಲ್ಲ.

ಒಂದೇ ಜಾಗದಲ್ಲಿ ನಿಂತ ಮೇಲೆ ಗೊತ್ತಾಯಿತು, ಓಡಾಡುವ ಕೆಲಸ ನನ್ನದಲ್ಲ, ಸೂರ್ಯನದು. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಹೊತ್ತಿಗೆ ಅವನು ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಜೂನ್ 21ರ ಹೊತ್ತಿಗೆ ಅಷ್ಟೇ ಉತ್ತರಕ್ಕೆ. ಒಟ್ಟು 48 ಡಿಗ್ರಿ. ಅದೆಷ್ಟು ಎಂದು ತಿಳಿಯಲು ಯಂತ್ರ ಬೇಡ. ಕೈಯನ್ನು ಪೂರ್ತಿ ಚಾಚಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಹಿಡಿಯಿರಿ. ಆ ಒಂದು ಗೇಣು ಹೆಚ್ಚುಕಡಿಮೆ 20 ಡಿಗ್ರಿ. ಅಂದರೆ ಇಡೀ ವರ್ಷದ ಮುಳುಗುವಿಕೆ ಎರಡೂವರೆ ಗೇಣಿನೊಳಗೆ ಮುಗಿಯುತ್ತದೆ. ಮೊಬೈಲಿನ ಮಾಮೂಲಿ ಲೆನ್ಸಿನಲ್ಲಿ ಅಷ್ಟೂ ಹಿಡಿಸುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾ ಇದ್ದವರಿಗೆ 35 ಎಂಎಂ ಲೆನ್ಸ್ ಸಾಕು. ದೊಡ್ಡ ಜೂಮ್ ಇದ್ದರೇ ಸೂರ್ಯಾಸ್ತ ಎಂದು ನಂಬಿದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಜಗಲಿಯಿಂದ ಡಿಸೆಂಬರಿನ ಸೂರ್ಯ ಎಡತುದಿಯ ತೆಂಗಿನ ತೋಟದಲ್ಲಿ ಇಳಿಯುತ್ತಾನೆ. ಮಾರ್ಚ್ 20ರ ಸುಮಾರಿಗೆ ಮತ್ತು ಸೆಪ್ಟೆಂಬರ್ 22ರ ಸುಮಾರಿಗೆ ಕುಂತಿಬೆಟ್ಟದಲ್ಲಿ. ಜೂನ್‌ನಲ್ಲಿ ಬಲತುದಿಯ ಮಾರಮ್ಮನ ಗುಡಿ ಹಿಂದೆ. ಎರಡು ತುದಿಯಲ್ಲಿ ಅವನು ಹತ್ತು ದಿನವಾದರೂ ಅಲುಗಾಡದೆ ನಿಂತಂತೆ ಕಾಣುತ್ತಾನೆ. ನಡುವೆ ಬೆಟ್ಟದ ಹತ್ತಿರ ಬಂದಾಗ ಮಾತ್ರ ದಿನಕ್ಕೆ ತನ್ನ ಅಗಲದ ಮುಕ್ಕಾಲು ಪಾಲು ಸರಿಯುತ್ತಾನೆ. ಬೆಟ್ಟದ ತಗ್ಗಿನಲ್ಲಿ ಇಳಿಯುವುದನ್ನು ಇವತ್ತು ತಪ್ಪಿಸಿಕೊಂಡರೆ ನಾಳೆ ಅವನು ಪಕ್ಕದ ಬಂಡೆಗೆ ಹೋಗಿರುತ್ತಾನೆ. ಮತ್ತೆ ಆರು ತಿಂಗಳು ಕಾಯಬೇಕು.

ಈ ಲೆಕ್ಕ ಕೈಗೆ ಬಂದ ಮೇಲೆ ಅಪ್ಪನ ಚಿತ್ರವನ್ನು ಇನ್ನೊಂದು ಸಲ ನೋಡಿದೆ. ವರ್ಷ ಬರೆದಿದ್ದರು, ತಿಂಗಳು ಬರೆದಿರಲಿಲ್ಲ. ಬಿಳಿ ಚುಕ್ಕೆ ಬೆಟ್ಟಕ್ಕೂ ತೋಟಕ್ಕೂ ನಡುವೆ, ಬೆಟ್ಟದಿಂದ ಅರ್ಧ ಗೇಣು ಎಡಕ್ಕಿದೆ. ಸೂರ್ಯ ಆ ಜಾಗಕ್ಕೆ ವರ್ಷಕ್ಕೆ ಎರಡು ಸಲ ಬರುತ್ತಾನೆ, ಫೆಬ್ರುವರಿ ಕೊನೆಗೆ ಮತ್ತು ಅಕ್ಟೋಬರ್ ಮಧ್ಯಕ್ಕೆ. ಫೆಬ್ರುವರಿಯಲ್ಲಿ ನಮ್ಮ ಕಡೆ ಕೋಡಿ ಬೀಳುವುದಿಲ್ಲ. ನನ್ನ ಅಕ್ಟೋಬರ್ ಚಿತ್ರಗಳನ್ನು ಒಂದೊಂದಾಗಿ ಅದರ ಮೇಲಿಟ್ಟು ನೋಡಿದೆ. 14, 15ನೇ ತಾರೀಖಿನವು ಸರಿಯಾಗಿ ಕೂತವು. ಅಮ್ಮನಿಗೆ ಏನೂ ಹೇಳದೆ ಸುಮ್ಮನೆ ಕೇಳಿದೆ, ಆ ವರ್ಷ ಕೋಡಿ ಬಿದ್ದದ್ದು ಯಾವಾಗ ಅಂತ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: ‘ಚಿತ್ತೆ ಮಳೆ ಕಣವ್ವ. ಆಯುಧಪೂಜೆ ಆಗಿ ಒಂದ್ ವಾರ ಆಗಿತ್ತು. ನಿಮ್ಮಪ್ಪ ಸೈಕಲ್ಗೆ ಹಾಕಿದ್ ಸೇವಂತಿಗೆ ಹಾರ ಇನ್ನೂ ತೆಗ್ದಿರ್ನಿಲ್ಲ.’

ಚಿತ್ತೆ ಮಳೆ ಅಂದರೆ ಸೂರ್ಯ ಚಿತ್ತಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ, ಸುಮಾರಾಗಿ ಅಕ್ಟೋಬರ್ 10ರಿಂದ 23. ನಮ್ಮ ರೈತರು ಮಳೆಗೆ ಇಟ್ಟಿರುವ ಹೆಸರುಗಳೆಲ್ಲ ಸೂರ್ಯನ ವಿಳಾಸಗಳೇ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವಾಗ ಅವರು ಹೇಳುತ್ತಿರುವುದು ಸೂರ್ಯ ಭರಣಿಯಲ್ಲಿರುವ ಏಪ್ರಿಲ್ ಕೊನೆ, ಮೇ ಮೊದಲ ದಿನಗಳನ್ನು. ನನ್ನ ಫೋಲ್ಡರುಗಳಿಗೂ ಈಗ ಜನವರಿ, ಫೆಬ್ರುವರಿ ಎಂಬ ಹೆಸರಿಲ್ಲ. ರೋಹಿಣಿ, ಆರಿದ್ರಾ, ಮಖೆ, ಸ್ವಾತಿ. ಹಾಗೆ ಜೋಡಿಸಿದರೆ ಒಂದೊಂದು ಫೋಲ್ಡರಿನ ಆಕಾಶಕ್ಕೂ ಒಂದೊಂದು ಗುಣ ಇರುವುದು ಎದ್ದು ಕಾಣುತ್ತದೆ.

ಬೇಸಿಗೆಯಿಂದ ಹೊರಡೋಣ. ಏರಿ ನಮ್ಮ ಕಡೆ ಇರುವುದರಿಂದ ಆಳವೂ ನಮ್ಮ ಕಡೆಗೇ. ಮಾರ್ಚ್‌ನಿಂದ ಆಚೆ ದಡ ಒಣಗುತ್ತಾ, ನೀರು ಮನೆಯ ಕಡೆಗೆ ಸರಿಯುತ್ತಾ ಬರುತ್ತದೆ. ಹತ್ತನೇ ಮೆಟ್ಟಿಲು, ಹನ್ನೊಂದನೇ ಮೆಟ್ಟಿಲು, ಆಮೇಲೆ ಮೆಟ್ಟಿಲೂ ಮುಗಿದು ಕೆಸರು. ಕೆರೆಯಂಗಳದಲ್ಲಿ ದನ ಮೇಯುತ್ತವೆ. ಸಂಜೆ ಅವು ಹಿಂದಿರುಗುವಾಗ ಏಳುವ ಧೂಳು ಮೊಣಕಾಲೆತ್ತರದಲ್ಲೇ ತೇಲುತ್ತದೆ, ಇಳಿಬಿಸಿಲು ಅದರೊಳಗೆ ಹಾದು ಬರುತ್ತದೆ. ಗೋಧೂಳಿ ಎಂಬ ಮಾತನ್ನು ನಾವು ಲಗ್ನಪತ್ರಿಕೆಯಲ್ಲಿ ಓದಿ ಸುಮ್ಮನಾಗುತ್ತೇವೆ. ಅದು ನಿಜಕ್ಕೂ ಒಂದು ಬೆಳಕಿನ ಹೆಸರು.

ಈ ಚಿತ್ರದಲ್ಲಿ ಸೂರ್ಯನಿಲ್ಲ, ನೆಲವಷ್ಟೇ ಇದೆ. ಮೇ ತಿಂಗಳ ಕೆರೆಯಂಗಳ. ಬಿರುಕು ಬಿಟ್ಟ ಎರೆಮಣ್ಣಿನ ಹೆಂಟೆಗಳ ಅಂಚು ಹಪ್ಪಳದಂತೆ ಮೇಲಕ್ಕೆ ಮಡಚಿದೆ. ಮಧ್ಯಾಹ್ನ ನೋಡಿದರೆ ಬರೀ ಬೂದುಬಣ್ಣ. ಸೂರ್ಯ ಮುಳುಗಲು ಹತ್ತು ನಿಮಿಷವಿದ್ದಾಗ ಪ್ರತಿ ಅಂಚೂ ಬೆಳಗಿ, ಪ್ರತಿ ಬಿರುಕೂ ಕಪ್ಪಾಗಿದೆ. ಒಂದು ಹೆಂಟೆಯ ಮೇಲೆ ಹಕ್ಕಿಯ ಹೆಜ್ಜೆ ಗುರುತು. ಮಣ್ಣು ಹಸಿಯಿದ್ದಾಗ ನಡೆದು ಹೋದದ್ದು, ಅಲ್ಲೇ ಒಣಗಿ ನಿಂತಿದೆ. ನೆಲಕ್ಕೆ ಮೊಣಕೈ ಊರಿ ತೆಗೆದೆ. ನಮ್ಮೂರಿನ ಸೂರ್ಯಾಸ್ತದ ಚಿತ್ರಗಳಲ್ಲಿ ನನಗೆ ತೀರಾ ಹತ್ತಿರದ್ದು ಇದು.

ಜೂನ್, ಜುಲೈನಲ್ಲಿ ಮೋಡವೇ ಹೆಚ್ಚು. ಮಂಡ್ಯ ಕಡೆ ಮುಂಗಾರು ಸೋನೆ ಹಿಡಿದು ಸುರಿಯುವುದು ಕಡಿಮೆ. ಗಾಳಿ ಬೀಸುತ್ತದೆ, ಮೋಡ ಓಡುತ್ತದೆ, ನಾಲ್ಕು ಹನಿ ಬೀಳುತ್ತದೆ. ಮಳೆಯಾಗುವುದು ಕೊಡಗಿನಲ್ಲಿ, ಆ ನೀರು ಕನ್ನಂಬಾಡಿಗೆ ಬಂದು, ವಿಶ್ವೇಶ್ವರಯ್ಯ ನಾಲೆ ಹಾದು ನಮ್ಮ ಕೆರೆಗೆ ಸೇರುತ್ತದೆ. ಹಾಗಾಗಿ ನಮ್ಮಲ್ಲಿ ಮಳೆಗಾಲದ ಚಿತ್ರಗಳಿಗೂ ಕೆರೆಯ ನೀರಿಗೂ ನೇರ ಹೊಂದಾಣಿಕೆ ಇಲ್ಲ. ಆಕಾಶ ನಮ್ಮದು, ನೀರು ಎಪ್ಪತ್ತು ಎಂಬತ್ತು ಮೈಲಿ ಆಚೆಯದು. 2025ರಲ್ಲಿ ಜೂನ್ ಮುಗಿಯುವಷ್ಟರಲ್ಲೇ ಕನ್ನಂಬಾಡಿ ತುಂಬಿ ಬಾಗಿನ ಕೊಟ್ಟಾಯಿತು. 2023ರ ಬರದಲ್ಲಿ ಅಕ್ಟೋಬರ್ ಬಂದರೂ ನನ್ನ ಚಿತ್ರದಲ್ಲಿ ಹತ್ತನೇ ಮೆಟ್ಟಿಲು ಒಣಗಿಯೇ ಇತ್ತು. ಎರಡನ್ನೂ ಅಕ್ಕಪಕ್ಕ ಹಾಕಿದ್ದೇನೆ ನೋಡಿ. ಕಂಬ ಅದೇ, ಬೆಟ್ಟ ಅದೇ. ಕೆಂಪೂ ಅಷ್ಟೇ ಇದೆ. ಸೂರ್ಯನೊಬ್ಬನನ್ನೇ ನೋಡಿದವರಿಗೆ ಬರ ಯಾವುದು, ಸುಖ ಯಾವುದು ಎಂದು ಗೊತ್ತಾಗುವುದಿಲ್ಲ. ನಾನು ಮೆಟ್ಟಿಲನ್ನು ಚೌಕಟ್ಟಿನಿಂದ ಯಾವತ್ತೂ ಹೊರಗಿಡದೆ ಇರುವುದು ಇದಕ್ಕೇ.

ನಾಟಿ ಕಾಲದಲ್ಲಿ ಮಾತ್ರ ನಾನು ಸೂರ್ಯನಿಗೆ ಬೆನ್ನು ಹಾಕುತ್ತೇನೆ. ಏರಿಯ ಹಿಂದೆ, ಪೂರ್ವಕ್ಕೆ, ಅಚ್ಚುಕಟ್ಟು. ಗದ್ದೆಗಳಲ್ಲಿ ನೀರು ನಿಲ್ಲಿಸಿ, ಕೆಸರು ಹೊಡೆದು ಮಟ್ಟ ಮಾಡಿರುತ್ತಾರೆ. ಪೈರು ಇನ್ನೂ ಬೇರು ಕಚ್ಚಿರುವುದಿಲ್ಲ. ಪಶ್ಚಿಮದ ಕೆಂಪು ಪೂರ್ವದ ಮೋಡಕ್ಕೆ ಬಡಿದು, ಅಲ್ಲಿಂದ ಗದ್ದೆಗೆ ಇಳಿದಿರುತ್ತದೆ. ನೂರು ಗದ್ದೆಯಲ್ಲಿ ನೂರು ಚೂರು ಆಕಾಶ. ಮೋಡವಿಲ್ಲದ ದಿನವಾದರೆ ಪೂರ್ವದ ಅಂಚಿನಲ್ಲಿ ಒಂದು ನೀಲಿಬೂದು ಪಟ್ಟಿ, ಅದರ ಮೇಲೆ ತಿಳಿಗುಲಾಬಿ ಪಟ್ಟಿ ಏಳುತ್ತದೆ. ಆ ನೀಲಿಬೂದು ಬಣ್ಣ ನಾವು ನಿಂತಿರುವ ಭೂಮಿಯ ನೆರಳು. ಇವತ್ತು ಸಂಜೆಯೇ ನೀವು ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಿಂತು ಪೂರ್ವಕ್ಕೆ ತಿರುಗಿ ನೋಡಬಹುದು. ಎಲ್ಲರೂ ಪಶ್ಚಿಮಕ್ಕೆ ಮೊಬೈಲ್ ಹಿಡಿದಿರುತ್ತಾರೆ.

ಚಿತ್ತೆ, ಸ್ವಾತಿ ಮಳೆಯ ಸಂಜೆಗಳು ವರ್ಷಕ್ಕೆಲ್ಲ ಶುಭ್ರ. ಮಧ್ಯಾಹ್ನ ಮಳೆ ಸುರಿದು ಧೂಳೆಲ್ಲ ತೊಳೆದಿರುತ್ತದೆ, ಮೇಲೆ ಎತ್ತರದಲ್ಲಿ ತೆಳುಮೋಡ ಉಳಿದಿರುತ್ತದೆ. ಇಂಥ ದಿನ ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾ ಚೀಲಕ್ಕೆ ಹಾಕಿ ಹೊರಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸೂರ್ಯನ ಕೆಳ ಅಂಚು ದಿಗಂತಕ್ಕೆ ತಾಗಿ ಮೇಲಂಚು ಮರೆಯಾಗಲು ನಮ್ಮಲ್ಲಿ ಬೇಕಾಗುವುದು ಎರಡೂಕಾಲು ನಿಮಿಷ, ಅಷ್ಟೆ. ಅದೂ, ದಿಗಂತ ಮುಟ್ಟಿದಂತೆ ಕಾಣುವಾಗ ಅವನು ನಿಜವಾಗಿ ಆಗಲೇ ಕೆಳಗಿಳಿದಿರುತ್ತಾನೆ, ಗಾಳಿ ಬೆಳಕನ್ನು ಬಾಗಿಸಿ ನಮಗೆ ತೋರಿಸುತ್ತಿರುತ್ತದೆ. ಎತ್ತರದ ಮೋಡಕ್ಕೆ ಬಣ್ಣ ಏರುವುದು ಆಮೇಲೆ, ಎಂಟು ಹತ್ತು ನಿಮಿಷ ಕಳೆದು. ಇಪ್ಪತ್ತು ನಿಮಿಷವಾದರೂ ನಿಲ್ಲಿ. ಅಜ್ಜಿ ಹೇಳುತ್ತಿದ್ದರು, ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲು ಹಾಕಬಾರದು ಅಂತ.

ಕ್ಯಾಮೆರಾದ ವಿಷಯ ಕೇಳಬೇಕೆಂದು ಮುಂದಿನ ಸಾಲಿನ ಹುಡುಗರು ಕಾಯುತ್ತಿದ್ದಾರೆ, ಹೇಳಿಬಿಡುತ್ತೇನೆ. ಬೆಳಕಿನ ಅಳತೆಯನ್ನು ಸೂರ್ಯನ ಮೇಲೆ ಅಲ್ಲ, ಅವನ ಪಕ್ಕದ ಆಕಾಶದ ಮೇಲೆ ಮಾಡಿ. ಮೊಬೈಲಾದರೆ ಅಲ್ಲಿ ಬೆರಳಿಟ್ಟು, ಹೊಳಪನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದವನ್ನು, ಆಟೋದಲ್ಲಿ ಬಿಡಬೇಡಿ, ಡೇಲೈಟ್‌ನಲ್ಲಿ ಕಟ್ಟಿಹಾಕಿ. ಆಟೋ ಎಂಬುದು ಕೆಂಪನ್ನು ತಪ್ಪೆಂದು ತಿಳಿದು ತಿದ್ದಲು ಹೋಗುತ್ತದೆ. ಗಾಜಿನ ವ್ಯೂಫೈಂಡರಿನಲ್ಲಿ ಉದ್ದ ಲೆನ್ಸ್ ಹಾಕಿಕೊಂಡು ಬಿಳಿಯಾಗಿರುವ ಸೂರ್ಯನನ್ನು ದಯವಿಟ್ಟು ನೋಡಬೇಡಿ. ಕಣ್ಣು ಹೋದರೆ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನಿಂದ ಆದ ತಪ್ಪೊಂದನ್ನು ಹೇಳಲೇಬೇಕು. 2012ರಿಂದ 2014ರವರೆಗೆ ನಾನು ತೆಗೆದ ಪ್ರತಿ ಚಿತ್ರಕ್ಕೂ ಕೆಂಪು, ಕಿತ್ತಳೆ ಏರಿಸಿದೆ. ನೋಡಿದವರು ಹೊಗಳಿದರು. ಡಿಸ್ಕಿನಲ್ಲಿ ಜಾಗವಿಲ್ಲವೆಂದು ಮೂಲ ಚಿತ್ರಗಳನ್ನು ಅಳಿಸಿಬಿಟ್ಟೆ. ಆಮೇಲೆ ವರ್ಷ ವರ್ಷಗಳನ್ನು ಸಾಲಾಗಿ ಜೋಡಿಸಲು ಕೂತಾಗ ಆ ಮೂರು ವರ್ಷಗಳಲ್ಲಿ ಸ್ವಾತಿ ಮಳೆ ತೊಳೆದ ಆಕಾಶಕ್ಕೂ ಜನವರಿಯ ಹೊಗೆ ತುಂಬಿದ ಆಕಾಶಕ್ಕೂ ವ್ಯತ್ಯಾಸವೇ ಇರಲಿಲ್ಲ. ಎಲ್ಲ ಒಂದೇ ಕುಂಕುಮ. ಅವು ನನ್ನ ಹತ್ತಿರ ಇವೆ, ಆದರೆ ಆ ಮೂರು ವರ್ಷಗಳ ಆಕಾಶ ನನ್ನ ಹತ್ತಿರ ಇಲ್ಲ. ತಿದ್ದುವುದಾದರೆ ತಿದ್ದಿ, ಮೂಲವನ್ನು ಮುಟ್ಟಬೇಡಿ.

ಚಳಿಗಾಲ ನಮ್ಮಲ್ಲಿ ಹೊಗೆಯ ಕಾಲ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಾರೆ, ಆಲೆಮನೆಗಳು ಉರಿಯುತ್ತವೆ, ತಣ್ಣಗಿನ ಗಾಳಿ ಆ ಹೊಗೆಯನ್ನು ಮೇಲೇಳಲು ಬಿಡದೆ ನೀರಿನ ಮೇಲೆ ಹಾಸುತ್ತದೆ. ಸೂರ್ಯ ದಿಗಂತ ಮುಟ್ಟುವ ಮೊದಲೇ ಮಂಕಾಗಿ ಕೆಂಪು ಬಿಲ್ಲೆಯಾಗುತ್ತಾನೆ. ಉಸಿರಿಗೆ ಒಳ್ಳೆಯದಲ್ಲ, ಆದರೆ ಕಡಿಯದೆ ನಿಂತ ಕಬ್ಬಿನ ಸೂಲಂಗಿಗಳು ಆ ಬೆಳಕಿಗೆ ಬೆಳ್ಳಿಯ ಹಾಗೆ ಉರಿಯುತ್ತವೆ. ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಗಳು ಕೆಲವು ಸಂಜೆ ನಮ್ಮ ಕೆರೆಯ ಮೇಲೂ ಸಾಲು ಹಿಡಿದು ಹೋಗುತ್ತವೆ. ಒಂದು ವಿಚಿತ್ರ ನೋಡಿ, ನಮ್ಮಲ್ಲಿ ಹೊತ್ತು ಬೇಗ ಮುಳುಗುವುದು ವರ್ಷದ ಅತಿ ಚಿಕ್ಕ ಹಗಲಿರುವ ಡಿಸೆಂಬರಿನಲ್ಲಲ್ಲ. ನವೆಂಬರ್ ಮೂರನೇ ವಾರದಲ್ಲಿ, 5 ಗಂಟೆ 55 ನಿಮಿಷದ ಆಸುಪಾಸು. ತಡವಾಗಿ ಮುಳುಗುವುದು ಜುಲೈ ಮೊದಲರ್ಧದಲ್ಲಿ, 6 ಗಂಟೆ 50 ದಾಟಿ.

ಸಂಕ್ರಾಂತಿಯ ಸಂಜೆ ಮಾತ್ರ ನಾನು ಕಂಬ ಬಿಟ್ಟು ಇಳಿಯುತ್ತೇನೆ. ಮಂಡ್ಯ, ಮೈಸೂರು ಸೀಮೆಯವರಿಗೆ ಕಿಚ್ಚು ಹಾಯಿಸುವುದನ್ನು ವಿವರಿಸಬೇಕಿಲ್ಲ. ರಾಸುಗಳ ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲು ಹಾಸಿ ಬೆಂಕಿ ಇಡುತ್ತಾರೆ. ಸೂರ್ಯ 6 ಗಂಟೆ 16ಕ್ಕೆ ಮುಳುಗಿದರೆ ಕಿಚ್ಚು ಹೊತ್ತುವುದು ಆರೂವರೆಗೆ. ಹಿಂದೆ ಕೆಂಪು, ಕೆಳಗೆ ಕೆಂಪು, ನಡುವೆ ನೆಗೆಯುವ ಎತ್ತು. ಶಟರ್ 1/500 ಸೆಕೆಂಡ್, ಬೆಳಕಿನ ಸೂಕ್ಷ್ಮತೆ ಐಎಸ್‌ಒ 1600. ಈ ಚಿತ್ರದಲ್ಲಿ ಎತ್ತಿನ ಹೊಟ್ಟೆಗೆ ಬಳಿದ ಅರಿಸಿನ ಬೆಂಕಿಯ ಬೆಳಕಿಗೆ ಬಂಗಾರವಾಗಿದೆ, ಬೆನ್ನು ಆಕಾಶದ ನೀಲಿಗೆ ತಿರುಗಿದೆ, ಹಗ್ಗ ಹಿಡಿದ ನನ್ನ ತಮ್ಮನ ಬಾಯಿ ಕೂಗುತ್ತಾ ತೆರೆದಿದೆ. ಜಗಲಿಯ ಚಿತ್ರಗಳನ್ನು ನೋಡಿದರೆ ಸೂರ್ಯ ಉತ್ತರಕ್ಕೆ ತಿರುಗಿದ್ದು ಅದಕ್ಕೂ ಮೂರು ವಾರ ಮೊದಲೇ, ಡಿಸೆಂಬರ್ 21, 22ಕ್ಕೆ. ಸಂಕ್ರಾಂತಿಯ ಹೊತ್ತಿಗೆ ಅವನು ತೆಂಗಿನ ತೋಟದಿಂದ ನಾಲ್ಕು ಸೂರ್ಯನಷ್ಟು ಬಲಕ್ಕೆ ಬಂದಿರುತ್ತಾನೆ. ಸೂರ್ಯ ನಿಜವಾಗಿ ತಿರುಗುವ ದಿನಕ್ಕೂ ಪಂಚಾಂಗದ ಸಂಕ್ರಾಂತಿಗೂ ನಡುವಿನ ಈ ಅಂತರಕ್ಕೆ ಕಾರಣವಾದದ್ದನ್ನೇ ಪಂಚಾಂಗದವರು ಅಯನಾಂಶ ಎಂದು ಕರೆಯುವುದು. ನನ್ನ ಚಿತ್ರಗಳಲ್ಲಿ ಅದು ಬೆರಳಿಟ್ಟು ತೋರಿಸುವಂತೆ ಕಾಣುತ್ತದೆ.

ಈಗ ಮನೆ ಭಾಗವಾಗಿದೆ. ಜಗಲಿ, ಕಂಬ, ಮೆಟ್ಟಿಲು ತಮ್ಮನ ಪಾಲಿಗೆ. ನಾನು ಮೈಸೂರಿನಲ್ಲಿರುತ್ತೇನೆ, ತಿಂಗಳಿಗೆ ಎರಡು ಸಲ ಹೋದರೆ ಹೆಚ್ಚು. ಎರಡು ವರ್ಷದಿಂದ ತಮ್ಮನ ಹೆಂಡತಿ ಪ್ರತಿ ಭಾನುವಾರ ತನ್ನ ಮೊಬೈಲಿನಲ್ಲಿ ತೆಗೆದು ಕಳಿಸುತ್ತಾಳೆ. ಕಂಬದ ಮೇಲೆ ಅವಳ ಎತ್ತರಕ್ಕೆ ಸರಿಯಾಗಿ ಸುಣ್ಣದ ಒಂದು ಬೊಟ್ಟು ಇಟ್ಟು ಬಂದಿದ್ದೇನೆ, ಮೊಬೈಲನ್ನು ಅದಕ್ಕೆ ಒತ್ತಿ ಹಿಡಿಯಬೇಕು. ಮೊದಮೊದಲು ಬಟ್ಟೆ ಒಣಹಾಕಿದ ತಂತಿ ಅಡ್ಡ ಬರುತ್ತದೆ, ತೆಗೆದುಬಿಡು ಎಂದು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಅಪ್ಪನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಅದರಲ್ಲೂ ಒಂದು ತಂತಿ ಇತ್ತು, ಅದರ ಮೇಲೆ ಅಮ್ಮನ ಸೀರೆಯ ಅಂಚು.

ಇದು ಹೋದ ಭಾನುವಾರ ಬಂದದ್ದು. ಮೋಡ ಮುಚ್ಚಿದೆ, ಸೂರ್ಯ ಕಾಣುತ್ತಿಲ್ಲ. ನೀರು ಕಲ್ಲಿನ ಅಂಚಿಗೆ ಬಂದು ನಿಂತಿದೆ. ಕೆಳಗೆ ಅವಳೇ ಬರೆದಿದ್ದಾಳೆ: ‘ಅಕ್ಕ, ನಾಲೆ ನೀರು ಬಂತು. ಆರನೇ ಮೆಟ್ಟಿಲು.’